ಬಾನೆಟ್ ಮುಚ್ಚಿಯೇ ಇರುವ ಗಾಡಿಗಳು

ಕಳೆದ ದಶಕದ ಆರಂಭದಲ್ಲಿ ನಮ್ಮ ರಸ್ತೆಗಳಿಗೆ ಸಾಲುಸಾಲಾಗಿ ಇಳಿದ ಎಸ್‌ಯುವಿಗಳಿಗೆ ಈಗ ವಯಸ್ಸಾಗಿದೆ. 2009ರಲ್ಲಿ ಬಂದ ಫಾರ್ಚೂನರ್, 2011ರ ಎಕ್ಸ್‌ಯುವಿ 500, 2012ರ ಡಸ್ಟರ್, ಇವೆಲ್ಲಕ್ಕೂ ಮೊದಲು 2002ರಲ್ಲೇ ಬಂದು ತಾಲ್ಲೂಕು ಕೇಂದ್ರಗಳ ಗತ್ತಿನ ಗುರುತಾದ ಸ್ಕಾರ್ಪಿಯೊ. ಆ ಕಾಲದ ಗಾಡಿಗಳಲ್ಲಿ ಬಹಳಷ್ಟು ಮೊದಲ ಯಜಮಾನರ ಕೈಬಿಟ್ಟು ಎರಡನೆಯವರ, ಮೂರನೆಯವರ ಅಂಗಳ ಸೇರಿವೆ. ಹಳೆಯ ಗಾಡಿ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್ ಮೂರು ಲಕ್ಷ ಕಿಲೋಮೀಟರ್ ದಾಟಿದ್ದನ್ನು ಕಂಡವರು ಎಲ್ಲ ಊರಲ್ಲೂ ಸಿಗುತ್ತಾರೆ. ನಮ್ಮ ಆತಂಕ ಬೇರೆ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ. ಅದರೊಳಗಿನ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇಪ್ಪತ್ತು ಲಕ್ಷದ ಗಾಡಿಯನ್ನು ಐದು ಲಕ್ಷಕ್ಕೆ ತಂದವರು, ಇಂಜೆಕ್ಟರ್ ಕೆಟ್ಟ ದಿನ ಇಪ್ಪತ್ತು ಲಕ್ಷದ ಗಾಡಿಯ ಇಂಜೆಕ್ಟರನ್ನೇ ಕೊಳ್ಳಬೇಕು. ಕೊಳ್ಳುವ ಶಕ್ತಿ ಇದ್ದು ಸಾಕುವ ಶಕ್ತಿ ಇಲ್ಲದ ಮನೆಗಳಿಗೆ ಈ ಗಾಡಿಗಳು ಒಂದೊಂದಾಗಿ ಸೇರುತ್ತಿವೆ. ಅದರ ಪರಿಣಾಮ ಗ್ಯಾರೇಜುಗಳ ಹಿತ್ತಿಲಲ್ಲಿ ಈಗಾಗಲೇ ಕಾಣತೊಡಗಿದೆ: ಎಂಜಿನ್ ಬಿಚ್ಚಿ, ದುಡ್ಡು ಹೊಂದಿಸಲಾಗದೆ, ತಿಂಗಳುಗಟ್ಟಲೆ ಧೂಳು ಹಿಡಿದು ನಿಂತ ಎಸ್‌ಯುವಿಗಳು.

ಇಂಥದ್ದನ್ನು ನಾವು ಮೊದಲ ಸಲ ನೋಡುತ್ತಿಲ್ಲ. ಡೀಸೆಲ್ ಅಂಬಾಸಿಡರ್, ಮೆಟಡೋರ್, ಟ್ರ್ಯಾಕ್ಸ್‌ಗಳ ಕಾಲದಲ್ಲೂ ಘಾಟಿಯ ತಿರುವುಗಳಲ್ಲಿ ಎಂಜಿನ್ ಕಾದು ನಿಲ್ಲುತ್ತಿತ್ತು. ಆದರೆ ಆ ಎಂಜಿನ್ನುಗಳು ಬಾಯಿ ಬಿಟ್ಟು ಗೋಳಾಡುತ್ತಿದ್ದವು. ಆವಿ ಏಳುತ್ತಿತ್ತು, ಸದ್ದು ಬದಲಾಗುತ್ತಿತ್ತು, ಹೊಗೆ ಕಪ್ಪಾಗುತ್ತಿತ್ತು. ಎರಕದ ಕಬ್ಬಿಣದ ಆ ಎಂಜಿನ್ನುಗಳು ಒಂದೆರಡು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ಡ್ರೈವರುಗಳಿಗೂ ಒಂದು ಶಿಸ್ತಿತ್ತು: ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಾನೆಟ್ ಎತ್ತಿ, ನೀರು ನೋಡಿ, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು. ಈಗ ಗುಂಡಿ ಒತ್ತಿದರೆ ಸ್ಟಾರ್ಟು. ಆಯುಧಪೂಜೆಯ ದಿನ ಬಾನೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು, ಮುಂದೆ ಕುಂಬಳಕಾಯಿ, ಎಲ್ಲವೂ ಸಾಂಗವಾಗಿ ನಡೆಯುತ್ತದೆ. ಬಾನೆಟ್ ಮಾತ್ರ ಅಂದೂ ಮುಚ್ಚಿಯೇ ಇರುತ್ತದೆ.

ಇಂದಿನ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂನದು. ತೂಕ ಕಡಿಮೆ, ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ಮಿತಿಮೀರಿ ಕಾದರೆ ಬಾಗುತ್ತದೆ. ಬಾಗಿದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ. ‘ಡ್ಯಾಶ್‌ಬೋರ್ಡಿನ ಮುಳ್ಳು ನೋಡುತ್ತಲೇ ಇರುತ್ತೇನೆ’ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಬಹಳಷ್ಟು ಗಾಡಿಗಳಲ್ಲಿ ಆ ಟೆಂಪರೇಚರ್ ಮುಳ್ಳು ಸಣ್ಣಪುಟ್ಟ ಏರಿಳಿತವನ್ನು ತೋರಿಸುವುದೇ ಇಲ್ಲ. ಮಾಲೀಕರು ಸುಮ್ಮನೆ ಗಾಬರಿಯಾಗದಿರಲೆಂದು, ಸಾಕಷ್ಟು ಅಗಲವಾದ ಮಿತಿಯೊಳಗೆ ಅದು ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ಮಾಡಿರುತ್ತಾರೆ. ಅದು ಅಲುಗಾಡಿತೆಂದರೆ ಆಗಲೇ ತಡವಾಗಿದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೆನ್ಸರ್ ಅಳೆಯುವುದು ತನ್ನನ್ನು ಸುತ್ತಿಕೊಂಡಿರುವ ಕೂಲೆಂಟಿನ ಬಿಸಿಯನ್ನು. ಕೂಲೆಂಟೇ ಸೋರಿ ಖಾಲಿಯಾದರೆ ಅದಕ್ಕೆ ತಾಗುವುದು ಗಾಳಿ, ಆವಿ. ಆಗ ಎಂಜಿನ್ ಒಳಗೊಳಗೇ ಬೇಯುತ್ತಿದ್ದರೂ ಮುಳ್ಳು ಏರುವ ಬದಲು ಇಳಿದೂ ಇಳಿಯಬಹುದು.

ಕೂಲೆಂಟ್ ಸುಮ್ಮಸುಮ್ಮನೆ ಕಡಿಮೆಯಾಗುವುದಿಲ್ಲ. ಅದು ಮುಚ್ಚಿದ ವ್ಯವಸ್ಥೆ. ಕಡಿಮೆಯಾಗಿದೆ ಎಂದರೆ ಎಲ್ಲಿಗೋ ಹೋಗಿದೆ. ಹೋಸಿನ ಕ್ಲಿಪ್ಪಿನ ಬಳಿ ಬಿಳಿಯ ಉಪ್ಪಿನಂಥ ಕಲೆ, ನಿಲ್ಲಿಸಿದ ಜಾಗದಲ್ಲಿ ಹಸಿರೋ ಗುಲಾಬಿಯೋ ಬಣ್ಣದ ಒಂದೆರಡು ಹನಿ, ಗಾಡಿಯ ಬಳಿ ಬಂದಾಗ ಸಿಹಿಸಿಹಿ ವಾಸನೆ. ಹೊರಗೆ ಯಾವ ಗುರುತೂ ಇಲ್ಲದೆ ಕಡಿಮೆಯಾಗುತ್ತಿದ್ದರೆ ಅದು ಒಳಗೇ ಹೋಗುತ್ತಿದೆ ಎಂದು ಅನುಮಾನಿಸಬೇಕು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯ ಬಣ್ಣದ ಲೋಳೆ ಅದಕ್ಕೆ ಸಾಕ್ಷಿ. ಘಾಟಿ ಏರುವಾಗ ಎಸಿ ಇದ್ದಕ್ಕಿದ್ದಂತೆ ಬಿಸಿಗಾಳಿ ಬಿಟ್ಟು, ಇಳಿಜಾರಿನಲ್ಲಿ ತಾನಾಗಿ ಸರಿಹೋಗುವುದುಂಟು. ಮನೆಮಂದಿ ಎಸಿ ಗ್ಯಾಸ್ ಮುಗಿದಿದೆ ಎಂದು ತೀರ್ಮಾನಿಸುತ್ತಾರೆ. ಎಂಜಿನ್ ಅತಿಯಾಗಿ ಕಾದಾಗ ಅದರ ಹೊರೆ ಇಳಿಸಲೆಂದು ಅನೇಕ ಗಾಡಿಗಳ ಕಂಪ್ಯೂಟರ್ ಎಸಿ ಕಂಪ್ರೆಸರನ್ನು ತಾನೇ ನಿಲ್ಲಿಸುತ್ತದೆ. ಅದು ಎಂಜಿನ್ ಕೊಟ್ಟ ನೋಟಿಸು, ನಾವು ಅದನ್ನು ಎಸಿ ಮೆಕ್ಯಾನಿಕ್ಕಿಗೆ ರವಾನಿಸುತ್ತೇವೆ.

ಕೂಲೆಂಟ್ ಇಳಿದಾಗ ಕೈಗೆ ಸಿಕ್ಕ ನೀರು ಸುರಿಯುವುದು ನಮ್ಮ ಇನ್ನೊಂದು ಅಭ್ಯಾಸ. ದಾರಿಯಲ್ಲಿ ಸಿಕ್ಕಿಬಿದ್ದಾಗ ಅದು ಅನಿವಾರ್ಯ, ಒಪ್ಪೋಣ. ಊರು ತಲುಪಿದ ಮೇಲೆ ಅದನ್ನು ಬಸಿದು ಸರಿಯಾದ ಕೂಲೆಂಟ್ ತುಂಬಿಸುವವರು ಎಷ್ಟು ಮಂದಿ? ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದನ್ನು ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಅದೇ ಹೊಪ್ಪಳೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಸಾವಿರ ರೂಪಾಯಿಯ ಆಸುಪಾಸಿನ ಹೋಸ್ ಬದಲಿಸದೆ ವರ್ಷಪೂರ್ತಿ ನೀರು ಸುರಿದವರ ಗಾಡಿಯೇ ಮುಂದೊಂದು ದಿನ ಚಾರ್ಮಾಡಿ ಘಾಟಿಯಲ್ಲಿ ನಿಲ್ಲುವುದು. ಉಗುರಲ್ಲಿ ಹೋಗುತ್ತಿದ್ದುದಕ್ಕೆ ಕೊಡಲಿ ಬೇಕಾಗುವುದು ಹೀಗೆ.

ಆಯಿಲ್ ವಿಷಯದಲ್ಲಿ ನಮ್ಮ ತಿಳಿವಳಿಕೆ ಇನ್ನೂ ತೆಳು. ಎಣ್ಣೆ ಡಬ್ಬಿಯ ಗುರುತಿನ ಕೆಂಪು ದೀಪ ‘ಆಯಿಲ್ ಕಡಿಮೆಯಾಗಿದೆ’ ಎಂದು ಹೇಳುತ್ತಿಲ್ಲ. ಆಯಿಲ್ ಒತ್ತಡ ಕುಸಿದಿದೆ ಎನ್ನುತ್ತಿದೆ. ಅಷ್ಟು ಹೊತ್ತಿಗೆ ಕ್ರ್ಯಾಂಕಿನ ಬೇರಿಂಗುಗಳು ಲೋಹಕ್ಕೆ ಲೋಹ ಉಜ್ಜತೊಡಗಿರಬಹುದು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆಯಿಲಿನ ತೆಳುಪದರದ ಮೇಲೆಯೇ. ಘಾಟಿ ಹತ್ತಿಸಿ ಹೋಟೆಲ್ ಮುಂದೆ ನಿಲ್ಲಿಸಿದ ಕೂಡಲೇ ಕೀ ತೆಗೆಯುವವರು ಆ ಪದರವನ್ನು ಬಿಸಿ ಶಾಫ್ಟಿನ ಮೇಲೆ ಸುಟ್ಟು ಕರಿಯಾಗಿಸುತ್ತಾರೆ. ಒಂದು ನಿಮಿಷ ಐಡಲಿನಲ್ಲಿ ಬಿಟ್ಟರೆ ಕಾಫಿ ಆರಿಹೋಗುವುದಿಲ್ಲ.

ಕಡಿಮೆಯಾಗುವ ಆಯಿಲ್ ಅಪಾಯವೆಂದು ಎಲ್ಲರಿಗೂ ಗೊತ್ತು. ಹೆಚ್ಚಾಗುವ ಆಯಿಲ್? 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದರ ಮಸಿ ಸುಡಬೇಕಾದರೆ ಗಾಡಿ ಒಂದಷ್ಟು ಹೊತ್ತು ಬಿಡುವಿಲ್ಲದೆ ಓಡಬೇಕು. ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ನಿಲ್ಲಿಸುವ ಓಡಾಟದಲ್ಲಿ ಅದು ಆಗುವುದಿಲ್ಲ. ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಸವರಿಕೊಂಡು ಕೆಳಗಿನ ಆಯಿಲಿಗೆ ಬೆರೆಯುತ್ತದೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿರುತ್ತದೆ, ನೋಡಿದವರು ಹಿಗ್ಗುತ್ತಾರೆ. ತೆಳ್ಳಗಾದ ಆ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು. ಐದು ವರ್ಷ ದಾಟಿದ ಇಂಥ ಗಾಡಿಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಬೆಂಗಳೂರಿನ ಒಂದೇ ಕೈಯಲ್ಲಿದ್ದು ಕಡಿಮೆ ಓಡಿದ ಗಾಡಿ ಎಂಬ ಜಾಹೀರಾತು ಕಂಡರೆ ನಮಗಂತೂ ಈಗ ಸಂತೋಷಕ್ಕಿಂತ ಸಂಶಯವೇ ಮೊದಲು.

ಟೈಮಿಂಗ್ ಬೆಲ್ಟಿನ ಕಥೆ ಚಿಕ್ಕದು, ಪೆಟ್ಟು ದೊಡ್ಡದು. ಡಸ್ಟರಿನ 1.5 ಲೀಟರ್ ಡೀಸೆಲ್ ಎಂಜಿನ್ನಿನಂಥವುಗಳಲ್ಲಿ ಕ್ಯಾಮ್ ತಿರುಗಿಸುವುದು ರಬ್ಬರಿನ ಹಲ್ಲುಪಟ್ಟಿ. ರಬ್ಬರು ಓಡಿದ ಕಿಲೋಮೀಟರಿನಿಂದಲೂ ಸವೆಯುತ್ತದೆ, ಸುಮ್ಮನೆ ನಿಂತ ವರ್ಷಗಳಿಂದಲೂ ಒಣಗುತ್ತದೆ. ಅದು ತುಂಡಾಗುವ ಮುನ್ನ ಸದ್ದು ಮಾಡಲೇಬೇಕೆಂದಿಲ್ಲ. ತುಂಡಾದರೆ ತೆರೆದೇ ನಿಂತ ವಾಲ್ವುಗಳಿಗೆ ಪಿಸ್ಟನ್ ಗುದ್ದುತ್ತದೆ. ಮೂರು ಕೈ ಬದಲಾದ ಗಾಡಿಯ ಸರ್ವಿಸ್ ಪುಸ್ತಕ ಯಾರ ಬಳಿಯೂ ಇರುವುದಿಲ್ಲ. ಬೆಲ್ಟ್ ಬದಲಿಸಿದ್ದಕ್ಕೆ ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ತಿಳಿಯಬೇಕು.

ಗಟ್ಟಿತನಕ್ಕೆ ಹೆಸರಾದ ಗಾಡಿಗಳೂ ಇದಕ್ಕೆ ಹೊರತಲ್ಲ. ಟೊಯೊಟಾದ 3 ಲೀಟರ್ 1ಕೆಡಿ ಡೀಸೆಲ್ ಎಂಜಿನ್ ಬಿಚ್ಚಿ ಅನುಭವವಿರುವ ಮೇಸ್ತ್ರಿಗಳಿಗೆ ಇಂಜೆಕ್ಟರ್ ಬುಡದ ತಾಮ್ರದ ವಾಷರಿನ ಮೇಲೊಂದು ಕಣ್ಣಿರುತ್ತದೆ. ಅದು ಸೋರಿದರೆ ಉರಿದ ಗ್ಯಾಸು ಆಯಿಲಿಗೆ ಸೇರಿ, ಇಂಗಾಲ ಗಟ್ಟಿಯಾಗಿ, ತಳದಲ್ಲಿ ಆಯಿಲ್ ಹೀರುವ ಜಾಲರಿಯನ್ನೇ ಮುಚ್ಚುತ್ತದೆ. ಕಡ್ಡಿಯಲ್ಲಿ ಆಯಿಲ್ ತುಂಬಿರುತ್ತದೆ, ಬೇರಿಂಗಿಗೆ ಮಾತ್ರ ತಲುಪುವುದಿಲ್ಲ. ಕೆಲವೇ ನೂರು ರೂಪಾಯಿಯ ವಾಷರು.

ಇನ್ನು ಬಿಲ್ಲು. ಎಂಜಿನ್ ಬಿಚ್ಚುವುದೆಂದರೆ ಹೆಂಚಿನ ಹಳೇ ಮನೆಯ ಸೂರು ಇಳಿಸಿದಂತೆ. ಒಂದು ಪಕ್ಕಾಸು ಬದಲಿಸಲು ಹತ್ತಿದವನಿಗೆ ತೊಲೆಯವರೆಗೂ ಗೆದ್ದಲು ಕಾಣುತ್ತದೆ. ಮೊದಲು ಹೆಡ್ ಇಳಿಸುತ್ತಾರೆ, ಫೇಸಿಂಗಿಗೆ ಲೇತಿಗೆ ಕಳಿಸುತ್ತಾರೆ. ಅಲ್ಲಿಂದ ಹೆಡ್ಡಿನಲ್ಲಿ ಬಿರುಕಿದೆ ಎಂಬ ಸುದ್ದಿ ಬರುತ್ತದೆ. ಆಮೇಲೆ ಬೋರ್ ಗೀಚಿದೆ, ಪಿಸ್ಟನ್ ರಿಂಗ್ ಹೋಗಿದೆ, ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು, ಹೇಗೂ ಇಳಿಸಿದ್ದೇವಲ್ಲ, ಕ್ಲಚ್ಚೂ ಹಾಕಿಬಿಡೋಣ. ಇದರಲ್ಲಿ ಪ್ರತಿಯೊಂದೂ ನ್ಯಾಯವಾದ ಮಾತೇ ಇರಬಹುದು. ಆದರೆ ಮೊದಲು ಹೇಳಿದ ಅಂದಾಜು ದುಪ್ಪಟ್ಟಾದಾಗ ಮಾಲೀಕ ಹಿಂದೆ ಸರಿಯುವಂತಿಲ್ಲ: ಬಿಚ್ಚಿದ ಎಂಜಿನ್ನಿನ ಗಾಡಿಗೆ ಗುಜರಿಯವನು ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಲಕ್ಷಗಳ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಕೆಲವರು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಎಂಜಿನ್ ಹುಡುಕುತ್ತಾರೆ. ಆ ಎಂಜಿನ್ ಯಾವ ಗಾಡಿಯದು, ಎಷ್ಟು ಓಡಿದೆ, ಏಕೆ ಗುಜರಿಗೆ ಬಂತು ಎಂದು ಕೇಳುವವರಿಲ್ಲ. ಬದಲಾದ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಸೇರಿಸದಿದ್ದರೆ ಅದು ಇನ್ನೊಂದು ತಲೆನೋವು. ಷೆವರ್ಲೆ 2017ರ ಕೊನೆಗೆ ಇಲ್ಲಿನ ಮಾರಾಟ ನಿಲ್ಲಿಸಿತು, ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ಇಂಥ ಗಾಡಿ ಇಟ್ಟುಕೊಂಡವರು ಹಣದ ಜತೆಗೆ ಬಿಡಿಭಾಗಕ್ಕಾಗಿ ಕಾಯುವ ತಾಳ್ಮೆಯನ್ನೂ ಕೂಡಿಡಬೇಕು.

ವಿಮೆ ಇದೆಯಲ್ಲ ಎನ್ನುತ್ತಾರೆ. ಸಾಮಾನ್ಯ ವಾಹನ ವಿಮೆ ಸವೆತಕ್ಕೂ ಯಾಂತ್ರಿಕ ವೈಫಲ್ಯಕ್ಕೂ ಹಣ ಕೊಡುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗಲೂ ಇದೇ ಪಾಠ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋದರೆ ಸಿಲಿಂಡರಿಗೆ ನುಗ್ಗಿದ ನೀರು ಅಮುಕಿಕೊಳ್ಳದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಆ ನಷ್ಟ ಸಿಗಬೇಕಾದರೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಇರಬೇಕು. ಗಾಡಿ ಹಳೆಯದಾದಂತೆ ಅದು ಸಿಗುವುದೂ ಕಷ್ಟ.

ಎಫ್‌ಸಿ ಆಗಿದೆಯಲ್ಲ ಎನ್ನುತ್ತಾರೆ. ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಲ್ಲಿ ನೋಡುವುದು ಬ್ರೇಕು, ದೀಪ, ಹೊಗೆ, ಚಾಸಿ ನಂಬರು. ಎಂಜಿನ್ನಿನ ಆಯುಸ್ಸಿಗೆ ಆರ್‌ಟಿಒ ಜಾಮೀನು ಕೊಡುವುದಿಲ್ಲ.

ಮತ್ತೆ, ‘ಇದು ಗಟ್ಟಿ ಗಾಡಿ, ಏನೂ ಆಗಲ್ಲ ಬಿಡಿ’ ಎನ್ನುತ್ತಾರೆ. ನಮ್ಮ ತಕರಾರು ಈ ಮಾತಿನ ಮೇಲೆಯೇ. ಗಾಡಿ ಗಟ್ಟಿಯಾಗಿದ್ದುದು ಹಿಂದಿನ ಮಾಲೀಕ ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರಿಂದ.

ಹಳೆಯ ಎಸ್‌ಯುವಿ ಕೊಳ್ಳುವವರು ಕೊಂಡ ಬೆಲೆಯ ಕಾಲುಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬೇರೆ ಎತ್ತಿಡಲಿ. ಅಷ್ಟು ಇಲ್ಲದಿದ್ದರೆ ಚಿಕ್ಕ ಗಾಡಿ ನೋಡಲಿ. ಇರುವವರು ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲೆಂಟ್ ಮಟ್ಟ, ಆಯಿಲ್ ಕಡ್ಡಿ ನೋಡಲಿ. ಐದು ನಿಮಿಷದ ಕೆಲಸ.

ಕೆಂಪು ದೀಪ ಹೊತ್ತಿದರೆ ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಕೊಟ್ಟಿಗೆಹಾರ ಇನ್ನು ಐದೇ ಕಿಲೋಮೀಟರ್, ಅಲ್ಲಿವರೆಗೆ ಹೇಗೋ ತಲುಪಿಬಿಡೋಣ ಎಂದು ಮನೆಯವರು ಹೇಳಿದರೂ ಕೇಳಬೇಡಿ. ಟೋಯಿಂಗ್‌ನವನು ಎಷ್ಟೇ ಕೇಳಲಿ, ಲೇತಿನವನು ಕೇಳುವಷ್ಟು ಕೇಳುವುದಿಲ್ಲ.