ಅಳಲಿಗೆ ಯಾವ ಭಾಷೆ?

ಹೊಸೂರಿನ ಮಗ್ಗುಲಲ್ಲಿರುವ ಮೂಕಂಡಪಲ್ಲಿಯನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡಿರಲಾರರು. ಆದರೆ ಅಲ್ಲಿಯ ಕನ್ನಡಿಗರ ಪಾಡು ನಮಗೆ ಹೊಸತಲ್ಲ. 1956ರ ಪುನರ್ವಿಂಗಡಣೆಯಲ್ಲಿ ನಾವು ಕೇರಳದ ಪಾಲಾದಂತೆ ಅವರು ತಮಿಳುನಾಡಿನಲ್ಲಿ ಉಳಿದರು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂಬುದು ಅವರ ನಿತ್ಯದ ಬದುಕು.

ಅಲ್ಲಿಯ ಸಿಪ್ಕಾಟ್ ಕಾರ್ಖಾನೆಯೊಂದಕ್ಕೆ ತಂದೆ ರಾತ್ರಿ ಪಾಳಿಗೆ ಹೋಗಿರುವ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಲಿ. ಹತ್ತು ವರ್ಷದ ಮಗನಿಗೆ ಆಟಿಸಂ. ಮಿಕ್ಸಿಯ ಸದ್ದಿಗೂ ಕಿವಿ ಮುಚ್ಚಿ ಕಿರುಚುತ್ತಾನೆ. ಮೂರು ದಿನಗಳಿಂದ ನಿದ್ದೆಯಿಲ್ಲ. ಇಂದು ತನ್ನ ಕೈಯನ್ನೇ ಕಚ್ಚಿಕೊಂಡಿದ್ದಾನೆ. ತಾಯಿ ಒಬ್ಬಳೇ. ನೆರೆಯವರನ್ನು ಕರೆದರೆ ಮುದ್ದು ಹೆಚ್ಚಾಯಿತೆನ್ನುವವರೇ ಹೆಚ್ಚು. ಆ ಹೊತ್ತಿನಲ್ಲಿ ಔಷಧಕ್ಕೆ ಮೊದಲು ಆಕೆಗೆ ಬೇಕಾದುದು ಕೇಳಿಸಿಕೊಳ್ಳುವ ಒಂದು ಕಿವಿ.

ಅಂತಹ ಕಿವಿಯೊಂದನ್ನು ಸರಕಾರವು ಒದಗಿಸಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯ ಭಾಷಾಪಟ್ಟಿಯಲ್ಲಿ ಕನ್ನಡವೂ ಸೇರಿ ಇಪ್ಪತ್ತು ಭಾಷೆಗಳಿವೆ. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹೊಸೂರಿನಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರು ಮಾತ್ರ. ಇದು ಸ್ವಾಗತಾರ್ಹ ಯೋಜನೆಯೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಪಟ್ಟಿಯಲ್ಲಿ ಕನ್ನಡವಿರುವುದು ಒಂದು, ರಾತ್ರಿ ಎರಡು ಗಂಟೆಗೆ ಕನ್ನಡ ಬಲ್ಲವರು ಅತ್ತ ಕಡೆ ಇರುವುದು ಇನ್ನೊಂದು. ಕರೆಗಳು ಆಯಾ ರಾಜ್ಯದ ಕೇಂದ್ರಕ್ಕೆ ಹೋಗುವ ವ್ಯವಸ್ಥೆಯಲ್ಲಿ ಗಡಿನಾಡಿನವರು ಮರೆತುಹೋಗುವ ಸಂಭವವಿದೆ. ಪಡಿತರ ಚೀಟಿಯ ವಿಚಾರವನ್ನು ಅರೆಬರೆ ತಮಿಳಿನಲ್ಲೋ ಮಲಯಾಳದಲ್ಲೋ ಹೇಗೋ ಹೇಳಿ ಮುಗಿಸಬಹುದು. ಕರುಳಿನ ಸಂಕಟವನ್ನು ಹಾಗೆ ಹೇಳಲಾಗದು. ಯಾವುದೇ ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರಜೆಗೆ ಕೊಟ್ಟಿದೆ. ಕಂದಾಯದ ಅರ್ಜಿಗೆ ಇರುವ ಹಕ್ಕು ತಾಯಿಯ ಅಳಲಿಗೆ ಇರಬೇಡವೇ?

ಇನ್ನೊಂದು ತೊಡಕೂ ಇದೆ. ಸಹಾಯವಾಣಿ ಎಂಬ ಹೆಸರಿನಲ್ಲೇ ವಾಣಿ ಇದೆ. ಕರೆ ಮಾಡಿದವನು ಮಾತಾಡಬಲ್ಲನೆಂದು ಅದು ನಂಬಿಕೊಂಡಿದೆ. ಆಟಿಸಂ ಇರುವ ಎಷ್ಟೋ ಮಂದಿಗೆ ಸಂಕಟದ ಹೊತ್ತಿನಲ್ಲಿ ಮಾತೇ ಹೊರಡುವುದಿಲ್ಲ. ಕೆಲವರಿಗೆ ಉತ್ತರ ಕೊಡಲು ಸಮಯ ಬೇಕು. ಕೆಲವರು ಆಡಿದ ಮಾತನ್ನು ಅಕ್ಷರಶಃ ಹಿಡಿಯುತ್ತಾರೆ. ಅತ್ತ ಕಡೆಯವರು ಮೌನವನ್ನು ಕರೆ ಕಡಿದುದೆಂದು ತಿಳಿದರೆ, ಬರೆದು ತಿಳಿಸುವ ದಾರಿಯೂ ಇಲ್ಲದಿದ್ದರೆ, ಆ ವ್ಯಕ್ತಿ ಮತ್ತೊಮ್ಮೆ ಕರೆ ಮಾಡುವುದು ಸಂದೇಹ.

ಮೌನದ ವಿಚಾರದಲ್ಲಿ ಅಧ್ಯಾಪಕರಾದ ನಮ್ಮ ತಪ್ಪೂ ಇದೆ. ಅಲ್ಪಸಂಖ್ಯಾತ ಭಾಷೆಯ ಮಗು ತರಗತಿಯಲ್ಲಿ ಸುಮ್ಮನಿದ್ದರೆ ಭಾಷೆ ತಿಳಿಯದೆಂದು ಬಿಡುತ್ತೇವೆ. ಮೂರು ಲಿಪಿಗಳ ನಡುವೆ ಅಕ್ಷರ ತಿರುವುಮುರುವಾದರೆ ಅಭ್ಯಾಸ ಸಾಲದೆಂದು ಗದರುತ್ತೇವೆ. ಅದು ಕಲಿಕಾ ನ್ಯೂನತೆಯಿರಬಹುದು, ಆಟಿಸಂ ಇರಬಹುದು ಎಂಬ ಸಂಶಯವೇ ನಮಗೆ ಬರುವುದಿಲ್ಲ. ಪತ್ತೆಯಾದ ಮೇಲೂ ಮನೆಯಲ್ಲಿ ಕನ್ನಡ ಬಿಟ್ಟು ಒಂದೇ ಭಾಷೆ ಆಡಿರೆಂಬ ಉಪದೇಶ ಸಿಗುವುದುಂಟು. ಎರಡು ಭಾಷೆಗಳಿಂದ ಇಂತಹ ಮಕ್ಕಳಿಗೆ ಹಾನಿಯಾಗುತ್ತದೆಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ತಾಯಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೂ ತಾಯಿಗೂ ಇರುವ ತೆಳುವಾದ ಸೇತುವೆಯೇ ಮುರಿಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹಿಂದೆ ಏಳಿದ್ದ ವರ್ಗಗಳನ್ನು 21ಕ್ಕೆ ಏರಿಸಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳನ್ನು ಸೇರಿಸಿಕೊಂಡಿದೆ. ಆದುದರಿಂದ ನಾವು ಕೇಳುವುದು ದಯೆಯನ್ನಲ್ಲ. ನಮ್ಮ ಜಿಲ್ಲೆಯಲ್ಲೇ ಎಂಡೋಸಲ್ಫಾನ್ ದುರಂತಕ್ಕೆ ಸಿಕ್ಕಿದ ಎಣ್ಮಕಜೆಯಂತಹ ಗ್ರಾಮಗಳ ಮನೆಗಳನ್ನು ಕಂಡವರಿಗೆ, ಪರಿಹಾರದ ಹಣ ಬಂದ ಮೇಲೂ ತಾಯಂದಿರ ರಾತ್ರಿಗಳು ಹಗುರವಾಗುವುದಿಲ್ಲವೆಂಬುದು ಗೊತ್ತು.

ತಮಿಳುನಾಡು ಮತ್ತು ಕೇರಳದ ಕೇಂದ್ರಗಳಲ್ಲಿ ಎಲ್ಲ ಪಾಳಿಯಲ್ಲೂ ಕನ್ನಡ ಬಲ್ಲ ಸಲಹೆಗಾರರಿರಲಿ. ಇಲ್ಲದ ಹೊತ್ತಿನಲ್ಲಿ ಕರೆಯನ್ನು ತಡವಿಲ್ಲದೆ ಕರ್ನಾಟಕದ ಕೇಂದ್ರಕ್ಕೆ ವರ್ಗಾಯಿಸಲಿ. ಆಟಿಸಂ ಮೊದಲಾದವುಗಳ ಬಗ್ಗೆ ಸಲಹೆಗಾರರಿಗೆ ಪ್ರತ್ಯೇಕ ತರಬೇತಿ ಸಿಗಲಿ. ಬರೆದು ಮಾತಾಡುವ ಸೌಲಭ್ಯ ಕನ್ನಡದಲ್ಲೂ ಇರಲಿ. ಮೂಕಂಡಪಲ್ಲಿಯಿಂದ ಮಂಜೇಶ್ವರದವರೆಗೆ ಗಡಿನಾಡಿನ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ 14416 ಎಂಬ ಸಂಖ್ಯೆಯನ್ನು ಕನ್ನಡದಲ್ಲಿ ಬರೆಸಲಿ. ಇವು ಬೊಕ್ಕಸ ಬರಿದು ಮಾಡುವ ಬೇಡಿಕೆಗಳಲ್ಲ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕೆಂದು ಆಗ್ರಹಿಸುತ್ತೇವೆ.

ಓದುಗರಲ್ಲೂ ಒಂದು ಮಾತು. ಇಂತಹ ಮಗುವಿರುವ ಮನೆಯವರು ಮದುವೆ ಮುಂಜಿಗೆ ಬಾರದೆ ಹಿಂದುಳಿದರೆ ಅದು ಬಿಂಕವಲ್ಲ, ಭಯ. ಸಹಾಯವಾಣಿ ಎಷ್ಟೇ ಸುಧಾರಿಸಿದರೂ ಅದು ದೂರದ ಧ್ವನಿ. ಬಾಗಿಲು ತಟ್ಟಿ, 'ಅಕ್ಕಾ, ನೀವು ಒಂದು ಗಂಟೆ ಮಲಗಿ, ಮಗುವಿನ ಹತ್ತಿರ ನಾನಿರುತ್ತೇನೆ' ಎನ್ನುವುದಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.