ಊರು ಬಿಟ್ಟು ಬಂದ ಹಿರಿಯರ ಆರೋಗ್ಯ

ನಮ್ಮ ಭಕ್ತ ಕುಟುಂಬಗಳಲ್ಲಿ ಒಂದು ವಲಸೆ ಸದ್ದಿಲ್ಲದೆ ನಡೆದಿದೆ. ಓದಿ, ಉದ್ಯೋಗ ಹಿಡಿದು ಬೆಂಗಳೂರಿನಲ್ಲಿ ನೆಲೆಸಿದ ಮಕ್ಕಳು ಗದಗ, ಬಾಗಲಕೋಟೆ, ಹಾವೇರಿ, ರಾಯಚೂರು ಕಡೆಯ ಹಳ್ಳಿಗಳಲ್ಲಿದ್ದ ತಂದೆತಾಯಿಗಳನ್ನು ತಮ್ಮ ಬಳಿಗೆ ಕರೆದೊಯ್ಯುತ್ತಿದ್ದಾರೆ. ಎಪ್ಪತ್ತು ದಾಟಿದವರನ್ನು ಊರಿನಲ್ಲಿ ಒಂಟಿಯಾಗಿ ಬಿಡಬಾರದೆಂಬ ಅವರ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಬಂದ ಮೂರು ನಾಲ್ಕು ತಿಂಗಳಲ್ಲಿ ಅನೇಕ ಹಿರಿಯರಿಗೆ ಹಸಿವು ಕುಗ್ಗುತ್ತದೆ, ನಿದ್ರೆ ಕೆಡುತ್ತದೆ, ಮಲಬದ್ಧತೆ ಕಾಡುತ್ತದೆ, ಮೊಣಕಾಲು ಬಿಗಿಯುತ್ತದೆ. ಮಕ್ಕಳು ಒಂದಾದ ಮೇಲೊಂದರಂತೆ ರಕ್ತಪರೀಕ್ಷೆ ಮಾಡಿಸುತ್ತಾರೆ. ವೈದ್ಯರನ್ನು ಕಾಣುವುದು ಸರಿಯೇ. ಅದರ ಜೊತೆಗೆ ಅವರ ದಿನಚರಿಯನ್ನೂ ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.

ಹಳ್ಳಿಯಲ್ಲಿ ಯಾರೂ ವ್ಯಾಯಾಮವೆಂದು ನಡೆಯುವುದಿಲ್ಲ. ಹಿತ್ತಲಿಗೆ, ಹೊಲಕ್ಕೆ, ಗುಡಿಗೆ, ಮಠಕ್ಕೆ, ಕಟ್ಟೆಗೆ ಹೋಗಿಬರುವಷ್ಟರಲ್ಲಿ ದಿನದ ನಡಿಗೆ ಮುಗಿದಿರುತ್ತದೆ. ಮೈಗೆ ಬಿಸಿಲು ತಾಗಿರುತ್ತದೆ. ಹತ್ತು ಜನರೊಡನೆ ಮಾತಾಗಿರುತ್ತದೆ. ನಾಲ್ಕನೆಯ ಮಹಡಿಯ ಮನೆಗೆ ಬಂದ ದಿನವೇ ಈ ಮೂರೂ ಒಮ್ಮೆಲೇ ನಿಂತುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಹಿರಿಯರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯಂತಹ ಚಟುವಟಿಕೆಯನ್ನು ಸೂಚಿಸಿದೆ. ಕೋಣೆಯಿಂದ ಕೋಣೆಗೆ ಓಡಾಡಿದರೆ ಅದು ತುಂಬುವುದಿಲ್ಲ. ಮುಚ್ಚಿದ ಕಿಟಕಿಯ ಬಳಿ ಕುಳಿತು ಬಿಸಿಲು ಕಾಯಿಸಿದರೂ ಸಾಲದು. ಚರ್ಮದಲ್ಲಿ ಡಿ ಜೀವಸತ್ವ ಉಂಟಾಗಲು ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ.

"ಅಪ್ಪಾ, ಇಷ್ಟು ದಿನ ದುಡಿದಿದ್ದು ಸಾಕು, ಆರಾಮಾಗಿ ಕೂತಿರ್ರಿ" ಎಂಬ ಮಾತು ಪ್ರೀತಿಯದೇ. ಆದರೆ ಜೀವನವಿಡೀ ಕಾಯಕದಲ್ಲಿದ್ದ ದೇಹವನ್ನು ಸೋಫಾದ ಮೇಲೆ ಕೂರಿಸಿದರೆ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ತಾನು ಈ ಮನೆಗೆ ಬೇಡವಾದವನೆಂಬ ಭಾವ ಅದಕ್ಕೂ ಮೊದಲೇ ಮೂಡುತ್ತದೆ. ಹಿರಿಯರಿಗೆ ಮನೆಯಲ್ಲಿ ಒಂದು ನಿಶ್ಚಿತ ಕೆಲಸವಿರಲಿ. ಬೆಳಿಗ್ಗೆ ಹಾಲು ತರುವುದಕ್ಕಿಂತ ಒಳ್ಳೆಯದು ನಮಗೆ ತೋಚಿಲ್ಲ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಹಾಲು ಬಾಗಿಲಿಗೆ ಬರುವುದು ನಿಜ, ಆದರೆ ಆ ಅನುಕೂಲವು ಹಿರಿಯರ ನಡಿಗೆಯನ್ನೂ ಬಿಸಿಲನ್ನೂ ಅಂಗಡಿಯವನ ಪರಿಚಯವನ್ನೂ ಕಸಿದುಕೊಂಡು ಬರುತ್ತದೆ. ಮೊದಲ ಒಂದು ವಾರ ಮಗನೋ ಸೊಸೆಯೋ ಜೊತೆಗೆ ಹೋಗಬೇಕು. ಅದೇ ದಾರಿ, ಅದೇ ಅಂಗಡಿ, ಅದೇ ಹೊತ್ತು. ದಾರಿ ತುಸು ಸುತ್ತಾದರೂ ಚಿಂತೆಯಿಲ್ಲ, ದೊಡ್ಡ ರಸ್ತೆಯನ್ನು ದಾಟುವ ಪ್ರಸಂಗ ಬರದಂತಿರಲಿ.

ಇನ್ನು ಮಾತಿನ ವಿಷಯ. ವೈಟ್‌ಫೀಲ್ಡ್, ಮಾರತ್‌ಹಳ್ಳಿಯ ಕಡೆಯ ವಸತಿ ಸಮುಚ್ಚಯಗಳಲ್ಲಿ ಹಿಂದಿ, ತೆಲುಗು, ತಮಿಳು ಹೆಚ್ಚಾಗಿ ಕಿವಿಗೆ ಬೀಳುತ್ತವೆ. ಕನ್ನಡ ಮಾತನಾಡುವ ನೆರೆಯವರಿದ್ದರೂ ನಮ್ಮ ಕಡೆಯ ಮಾತಿನ ಧಾಟಿಗೆ ಅವರು ನಕ್ಕಾರೆಂಬ ಸಂಕೋಚದಿಂದ ತಾಯಂದಿರು ಬಾಯಿ ಬಿಡುವುದಿಲ್ಲ. ಅದೇ ಬೀದಿಯಲ್ಲಿ ಕಟ್ಟಡದ ಕೆಲಸಕ್ಕೋ ಕಾವಲಿಗೋ ಮನೆಗೆಲಸಕ್ಕೋ ಬಂದ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳಿರುತ್ತವೆ. "ಯಾವೂರ್ರಿ ನಿಮ್ದು?" ಎಂದು ಯಾರಾದರೂ ಕೇಳಿದ ದಿನ ತಾಯಿಗೆ ಊಟ ರುಚಿಸುತ್ತದೆ. ತಮ್ಮ ತಾಯಿ ಕಾವಲುಗಾರನ ಹೆಂಡತಿಯೊಡನೆ ಗೇಟಿನ ಬಳಿ ಕುಳಿತು ಮಾತನಾಡುತ್ತಾಳೆಂದು ಮುಜುಗರಪಡುವ ಮಕ್ಕಳೂ ಇದ್ದಾರೆ. ಆ ಮುಜುಗರವನ್ನು ಅವರು ಬಿಡಲೇಬೇಕು. ಶಕ್ತಿ ಯೋಜನೆಯಡಿ ನಗರದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಊರಿನ ಪರಿಚಯದವರು ಇನ್ನೊಂದು ಬಡಾವಣೆಯಲ್ಲಿದ್ದರೆ ತಿಂಗಳಿಗೊಮ್ಮೆ ತಾಯಿಯನ್ನು ಅಲ್ಲಿಗೆ ಕರೆದೊಯ್ಯಿರಿ.

ಊಟವನ್ನೂ ಗಮನಿಸಬೇಕು. ರೊಟ್ಟಿ ಉಂಡು ಬೆಳೆದ ದೇಹಕ್ಕೆ ಮೂರು ಹೊತ್ತೂ ಅಕ್ಕಿಯ ತಿನಿಸಾದರೆ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಅಂಶ ಏರುವ ಸಂಭವವಿದೆ. ಜೋಳದ ರೊಟ್ಟಿ ಈಗ ಬೆಂಗಳೂರಿನಲ್ಲಿ ದುರ್ಲಭವಲ್ಲ. ಹೊಸ ವೈದ್ಯರ ಬಳಿಗೆ ಹೋಗುವಾಗ ಊರಿನ ವೈದ್ಯರ ಚೀಟಿಯನ್ನೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಒಂದೇ ಔಷಧಿಯನ್ನು ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಬಾರಿ ನುಂಗುವ ಅಪಾಯ ಇಂಥ ಸಂದರ್ಭದಲ್ಲೇ ಹೆಚ್ಚು. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮಂದ ದೀಪ, ಒಳಗೆ ಹಿಡಿದುಕೊಳ್ಳಲು ಗೋಡೆಗೆ ಒಂದು ಗಟ್ಟಿ ಸರಳು ಇರಲಿ.

ಎಲ್ಲವನ್ನೂ ಹೊಸ ಜಾಗದ ಮೇಲೆ ಹಾಕುವುದೂ ತಪ್ಪು. ನೆನಪು ಕುಂದುತ್ತಿದ್ದರೂ ಪರಿಚಿತ ಊರಿನಲ್ಲಿ ಅದು ಹೊರಗೆ ಕಾಣದಿರಬಹುದು, ಕಾಲು ತಾನಾಗಿ ಮನೆಯ ದಾರಿ ಹಿಡಿಯುತ್ತದೆ. ಒಂದೇ ಬಗೆಯ ಕಟ್ಟಡಗಳ ನಡುವೆ ಮತ್ತೆ ಮತ್ತೆ ದಾರಿ ತಪ್ಪಿದಾಗ ವೈದ್ಯರಿಗೆ ತೋರಿಸಬೇಕು. ಅಂಗಿಯ ಕಿಸೆಯಲ್ಲಿ ವಿಳಾಸ, ಫೋನ್ ಸಂಖ್ಯೆಯ ಚೀಟಿ ಸದಾ ಇರಬೇಕು. ಎರಡು ವಾರ ಮೀರಿ ಮಂಕು, ಅಳು, ಊಟದಲ್ಲಿ ನಿರಾಸಕ್ತಿ ಮುಂದುವರಿದರೆ ಅದು ಚಿಕಿತ್ಸೆ ಬೇಡುವ ಖಿನ್ನತೆಯಾಗಿರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡಕ್ಕೂ ಕರೆ ಉಚಿತ.

ಊರಿನ ಮನೆಗೆ ಬೀಗ ಹಾಕಿದ ವರ್ಷವೇ ಅದನ್ನು ಮಾರುವ ಮಾತು ತೆಗೆಯುವುದನ್ನು ನಾವು ಒಪ್ಪುವುದಿಲ್ಲ. ಮರಳಿ ಹೋಗಲು ಒಂದು ಮನೆಯಿದೆಯೆಂಬ ಧೈರ್ಯದಿಂದಲೇ ಎಷ್ಟೋ ಹಿರಿಯರು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಾರೆ. ಜಾತ್ರೆಗೋ ಸುಗ್ಗಿಗೋ ಹದಿನೈದು ದಿನ ಅವರನ್ನು ಕಳುಹಿಸಿಕೊಡಿ. ಮಾತ್ರೆಗಳನ್ನು ಮಾತ್ರ ಇಪ್ಪತ್ತು ದಿನಕ್ಕಾಗುವಷ್ಟು ಕಟ್ಟಿಕೊಡಿ. ಊರಿಗೆ ಹೋದವರು ಹೇಳಿದ ದಿನಕ್ಕೆ ಹಿಂದಿರುಗುವುದು ಅಪರೂಪ.