ಬೆಲ್ಟ್ ಹಂಚುವ ಮೊದಲು ಮೂಟೆಯ ತೂಕ ಇಳಿಸಿ

ಗೋದಾಮಿನ ಮಾಲೀಕರು ಹಮಾಲರಿಗೆ ಸೊಂಟದ ಬೆಲ್ಟ್ ಹಂಚಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದರೆ ಅದನ್ನು ಕಾರ್ಮಿಕರ ಸುರಕ್ಷತೆ ಎಂದು ನಾನು ಒಪ್ಪುವುದಿಲ್ಲ. ಬೆಲ್ಟ್ ಬಂದ ಮೇಲೂ ಹೆಗಲೇರುವ ಮೂಟೆ ಅದೇ 50 ಕೆ.ಜಿ. ನಾಳೆ ಬೆನ್ನು ಹಿಡಿದುಕೊಂಡರೆ, "ಬೆಲ್ಟ್ ಸರಿಯಾಗಿ ಕಟ್ಟಿರಲಿಲ್ಲ" ಎಂದು ತಪ್ಪನ್ನು ಹೊತ್ತವನ ತಲೆಗೇ ಕಟ್ಟಬಹುದು.

ಈ ಬೆಲ್ಟಿನ ಬಂಡವಾಳ ಅಮೆರಿಕದಲ್ಲಿ ಎಂದೋ ಬಯಲಾಗಿದೆ. ಆರೋಗ್ಯವಂತ ಕಾರ್ಮಿಕರ ಬೆನ್ನನ್ನು ಅದು ಕಾಯುತ್ತದೆ ಎನ್ನಲು ಪುರಾವೆಯಿಲ್ಲ ಎಂದು ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಶ್ 1994ರಲ್ಲೇ ಹೇಳಿತು. ಕಟ್ಟಿಕೊಂಡ ಧೈರ್ಯದಲ್ಲಿ ಜನ ಅಳತೆ ಮೀರಿ ಎತ್ತಿಯಾರು ಎಂದೂ ಎಚ್ಚರಿಸಿತು. ಬಳಿಕ 160 ಮಳಿಗೆಗಳಲ್ಲಿ ಸರಕು ಎತ್ತಿಳಿಸುವ 9,000ಕ್ಕೂ ಹೆಚ್ಚು ನೌಕರರನ್ನು ಗಮನಿಸಿ ನೋಡಿತು. 2000ದಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ದಿನವೂ ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಾಗಲಿ ಪರಿಹಾರದ ಅರ್ಜಿಗಳಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈಚೆಗೆ ಬಂದಿರುವ, ಅಂಗಿಯಂತೆ ಮೈಗೆ ತೊಡುವ ಎಕ್ಸೋಸೂಟುಗಳ ಮಾತು ಬೇರೆ. ಬಾಗಿದಾಗ ಹಿಗ್ಗುವ ಅವುಗಳ ಎಲಾಸ್ಟಿಕ್ ಪಟ್ಟಿ, ಏಳುವಾಗ ಎಳೆದು ಸೊಂಟದ ಸ್ನಾಯುಗಳ ಶ್ರಮವನ್ನು ತುಸು ತಗ್ಗಿಸುತ್ತದೆ. ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಲಾರಿಯಿಂದ ಮೂಟೆ ಹೊತ್ತು ಹಲಗೆಯ ಮೇಲೆ ನಡೆದು ಬರುವವನ ಭಾರವೆಲ್ಲ ಕತ್ತು, ಬೆನ್ನುಮೂಳೆಗಳ ಮೇಲೆ ಕೂತಿರುತ್ತದೆ. ಬಾಗಿ ಏಳುವವರಿಗೆಂದು ಹೊಲಿದ ಅಂಗಿ ಅವನಿಗೆ ಎಷ್ಟು ಆದೀತು?

ಮೈಗೆ ಹತ್ತಿರ ಹಿಡಿದು, ಸೊಂಟ ತಿರುಚದೆ, ಅನುಕೂಲದ ಎತ್ತರದಿಂದ ಅಪರೂಪಕ್ಕೆ ಎತ್ತಿದರೂ 23 ಕೆ.ಜಿ. ದಾಟಬಾರದು ಎನ್ನುತ್ತದೆ ನಿಯೋಶ್ ಲೆಕ್ಕ. ನಮ್ಮ ಸಿಮೆಂಟು, ಸಕ್ಕರೆ, ಅಕ್ಕಿಯ ಚೀಲ ಅದರ ಎರಡು ಪಟ್ಟಿಗೂ ಮಿಗಿಲು. ಅದನ್ನು ಇಳಿಸಲಾಗದೆ? 2018ರಲ್ಲಿ ಕೇಂದ್ರ ಸರ್ಕಾರ ಯೂರಿಯಾ ಚೀಲವನ್ನು 50ರಿಂದ 45 ಕೆ.ಜಿ.ಗೆ ತಂದಿತು. ರೈತರು ಯೂರಿಯಾ ಕಡಿಮೆ ಬಳಸಲಿ ಎಂಬುದು ಉದ್ದೇಶ. ಕಾರ್ಖಾನೆ, ಲಾರಿ, ಗೊಬ್ಬರದಂಗಡಿ ಎಲ್ಲವೂ ಹೊಂದಿಕೊಂಡವು. ಮಣ್ಣಿಗಾಗಿ ಆದ ಕೆಲಸ ಮನುಷ್ಯನ ಬೆನ್ನಿಗಾಗಿ ಏಕೆ ಆಗಬಾರದು?

ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದು ಎಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೇ ಹೇಳಿತ್ತು. ಎಪಿಎಂಸಿ ಯಾರ್ಡಿನ ಹಮಾಲನಿಗೆ ಅದರಿಂದ ಏನೂ ದಕ್ಕಲಿಲ್ಲ. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು ಲಾರಿ. ಕಾಗದದ ಮೇಲೆ ಅವನು ಯಾರ ನೌಕರನೂ ಅಲ್ಲ.

ಸಣ್ಣ ಚೀಲವೆಂದರೆ ಹಮಾಲರಲ್ಲೇ ಕೆಲವರು ಅಳುಕುತ್ತಾರೆ. ಕಾರಣವಿದೆ. ಹಮಾಲಿ ಸಿಗುವುದು ಚೀಲದ ಲೆಕ್ಕದಲ್ಲಿ. ಚೀಲ ಅರ್ಧವಾದರೆ ದರವೂ ಅರ್ಧವಾಗಿ, ನಡೆಯುವ ದೂರ ಮಾತ್ರ ಇಮ್ಮಡಿಯಾದೀತು. ಆದ್ದರಿಂದ ತೂಕ ಇಳಿಸುವ ಆದೇಶದಲ್ಲೇ ಕೂಲಿಯ ಮಾತೂ ಬರಬೇಕು: 25 ಕೆ.ಜಿ. ಚೀಲದ ದರ ಇಂದಿನ ದೊಡ್ಡ ಚೀಲದ ದರದ ಅರ್ಧಕ್ಕಿಂತ ಹೆಚ್ಚಿರಬೇಕು. ಆ ಹೆಚ್ಚಳವನ್ನು ಕೊಡಬೇಕಾದವರು ವರ್ತಕರು, ಸಿಮೆಂಟ್ ಕಂಪನಿಗಳು, ಸಕ್ಕರೆ ಕಾರ್ಖಾನೆಗಳು. ಬೆಲ್ಟಿಗೆಂದು ಎತ್ತಿಟ್ಟ ಹಣದಲ್ಲಿ ಅವರು ಕೈಗಾಡಿಗಳನ್ನೂ, ಲಾರಿಯ ಮಟ್ಟಕ್ಕೆ ಸರಿಹೊಂದುವ ಕಟ್ಟೆಗಳನ್ನೂ ಒದಗಿಸಲಿ.